ಅಕ್ಕನ ಮಂಡಿ ನೋವು, ಹನ್ನೆರಡು ವಾರ: ದೇಹದ ಭಾರದಿಂದಲೇ ಬಲ ಕಟ್ಟಿದ ಒಂದು ಪ್ರಕರಣ

ದಿನಾ ನೂರು ಬಸ್ಕಿ ಶುರು ಮಾಡಿದ ಒಂಬತ್ತನೇ ದಿನ ಅಕ್ಕ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಕೊಂಡು ಇಳಿಯುತ್ತಿದ್ದಳು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಬಲ ಮಂಡಿಯ ಮೇಲೆ. ಕೇಳಿದ್ದಕ್ಕೆ, "ಏನಿಲ್ಲ ಕಣೇ, ಸ್ವಲ್ಪ ಹಿಡ್ಕೊಂಡಿದೆ" ಅಂದಳು. ಮುಖ ನೋಡಿದರೆ ಸ್ವಲ್ಪ ಅಲ್ಲ ಅಂತ ಗೊತ್ತಾಗುತ್ತಿತ್ತು.

ಆಗ ಅವಳಿಗೆ 44 ವರ್ಷ, ತೂಕ 68 ಕಿಲೋ. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ವ್ಯಾಯಾಮ ಅಂತ ಮಾಡಿದ್ದು ಶಾಲೆಯ ದಿನಗಳಲ್ಲಿ ಮಾತ್ರ. ಫೋನಿನಲ್ಲಿ ಸಿಕ್ಕ 30 ದಿನದ ಚಾಲೆಂಜ್ ಒಂದನ್ನು ಹಿಡಿದು ದಿನಾ 100 ಬಸ್ಕಿ, ಮಂಡಿಯೂರಿ 30 ಪುಷ್‌ಅಪ್, ಒಂದು ನಿಮಿಷ ಪ್ಲ್ಯಾಂಕ್ (ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರ ಹಿಡಿಯುವುದು) ಮಾಡುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಅಷ್ಟು ಶ್ರದ್ಧೆಗೆ ಸಿಕ್ಕ ಫಲ ಇದು.

ಹೊಸಬರಿಗೆ ವ್ಯಾಯಾಮ ಹೇಳಿಕೊಡುವುದೇ ನನ್ನ ಕೆಲಸ. ಆದರೂ ಮನೆಯವರು ಕೇಳದೆ ನಾನಾಗಿ ಬಾಯಿ ಹಾಕುವುದಿಲ್ಲ. ಅವತ್ತು ಅವಳೇ ಹೇಳಿದಳು: "ನನ್ನ ಮಂಡಿನೇ ಸರಿ ಇಲ್ಲ. ವಯಸ್ಸಾಯ್ತು. ಇದೆಲ್ಲ ನನಗಲ್ಲ ಬಿಡು." ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚೆನ್ನಾಗಿರುವ ಮಂಡಿಯ ಮೇಲೆ ತಪ್ಪು ಹೊರಿಸಿ ಜನ ಜೀವನಪೂರ್ತಿ ಕೂತುಬಿಡುತ್ತಾರೆ.

ಆದರೂ ಮೊದಲು ವೈದ್ಯರಿಗೆ ತೋರಿಸು ಅಂದೆ. ಮಂಡಿ ಊದಿದ್ದರೆ, ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಕಾಲೂರಿದಾಗ ಕುಸಿಯುತ್ತಿದ್ದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿದ್ದರೆ ಅದು ನನ್ನಂಥವರು ಕೈ ಹಾಕುವ ವಿಷಯವಲ್ಲ. ಅವಳಿಗೆ ಇವು ಯಾವುದೂ ಇರಲಿಲ್ಲ. ಮಂಡಿಚಿಪ್ಪಿನ ಸುತ್ತ, ಮುಂಭಾಗದಲ್ಲಿ ನೋವು. ಏಟು ಬಿದ್ದ ಗುರುತಿಲ್ಲ. ಒಮ್ಮೆಲೇ ಜಾಸ್ತಿ ಭಾರ ಬಿದ್ದಿದೆ, ಎರಡು ವಾರ ಬಸ್ಕಿ ನಿಲ್ಲಿಸಿ, ಓಡಾಟ ನಿಲ್ಲಿಸಬೇಡಿ ಅಂತ ವೈದ್ಯರು ಹೇಳಿದರು. ನಮ್ಮ ಕೆಲಸ ಅಲ್ಲಿಂದ ಶುರುವಾಯಿತು.

ಪೆನ್ನು ಎತ್ತಿದ ರೀತಿ

ನಾನು ಅವಳಿಗೆ ಯಾವ ವ್ಯಾಯಾಮವನ್ನೂ ಮಾಡಿಸಲಿಲ್ಲ. ನೆಲದ ಮೇಲೆ ಒಂದು ಪೆನ್ನು ಇಟ್ಟು ಎತ್ತಿಕೊಡು ಅಂದೆ. ಹಿಮ್ಮಡಿ ಎದ್ದಿತು, ಮಂಡಿ ಮುಂದಕ್ಕೆ ನುಗ್ಗಿತು, ಬೆನ್ನು ಬಿಲ್ಲಿನಂತೆ ಬಾಗಿತು. ಸೊಂಟ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಕುರ್ಚಿಯಲ್ಲಿ ಕೂತು ಎದ್ದು ತೋರಿಸಲು ಹೇಳಿದೆ. ಮುಕ್ಕಾಲು ದಾರಿ ಸರಿಯಾಗಿ ಇಳಿದಳು, ಕೊನೆಯ ಗೇಣಿನಷ್ಟು ಧೊಪ್ಪನೆ ಬಿದ್ದಳು. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು ಅಂತ ಎಣಿಸಿದೆವು: 11. ನೋವು ಬರಲಿಲ್ಲ, ಆದರೆ ಏಳುವಾಗ ಬಲ ಮಂಡಿ ಪ್ರತಿ ಸಲವೂ ಒಳಕ್ಕೆ ವಾಲುತ್ತಿತ್ತು. ಕೊನೆಗೆ ನೆಲದ ಮೇಲೆ ಕೂತು ಏಳು ಅಂದೆ. ಎರಡೂ ಕೈ ಊರಿ, ಕುರ್ಚಿ ಹಿಡಿದು ಎದ್ದಳು.

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಮಾಡಿದೆ. ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಕಾಲ್ಬೆರಳು ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು. ಎಡಗಾಲಿಗೆ 9 ಸೆಂ.ಮೀ. ದೂರದಿಂದ ಮುಟ್ಟಿತು. ಬಲಗಾಲಿಗೆ 6 ಸೆಂ.ಮೀ.ನಿಂದ ಮಾತ್ರ. ಬಲ ಪಾದದ ಕೀಲು ಬಿಗಿಯಾಗಿತ್ತು. ಅದು ಬಾಗದಿದ್ದಾಗ ಹಿಮ್ಮಡಿ ಏಳುತ್ತದೆ, ಮಂಡಿ ಒಳಕ್ಕೆ ತಿರುಗಿ ದಾರಿ ಹುಡುಕುತ್ತದೆ. ನೋವು ಬಲಗಡೆಯೇ ಯಾಕೆ ಅನ್ನುವುದಕ್ಕೆ ಸ್ವಲ್ಪ ಉತ್ತರ ಸಿಕ್ಕಿತು.

ಇಷ್ಟು ನೋಡಿದ ಮೇಲೆ ಅವಳ ಚಾಲೆಂಜಿನ ಪಟ್ಟಿಯನ್ನು ಇಬ್ಬರೂ ಕೂತು ಓದಿದೆವು. ಹೊಸಬರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ವ್ಯಾಯಾಮದ ಹೆಸರು ನೂರಿವೆ, ಆದರೆ ದೇಹ ಮಾಡುವ ದೊಡ್ಡ ಕೆಲಸಗಳು ಐದೇ. ಕೂತು ಏಳುವುದು. ಸೊಂಟದಿಂದ ಬಾಗಿ ಏಳುವುದು. ತಳ್ಳುವುದು. ಎಳೆಯುವುದು. ಕೈಕಾಲು ಆಡುವಾಗ ನಡುವನ್ನು ಅಲುಗದಂತೆ ಹಿಡಿಯುವುದು. ಒಂಟಿಗಾಲಿನ ಕೆಲಸವನ್ನು ಕೆಲವರು ಆರನೆಯದಾಗಿ ಎಣಿಸುತ್ತಾರೆ. ನಾನು ಅದನ್ನು ಮೊದಲೆರಡರ ಮುಂದಿನ ಹೆಜ್ಜೆ ಅಂತ ನೋಡುತ್ತೇನೆ.

ಅಕ್ಕನ ಪಟ್ಟಿಯಲ್ಲಿ ಕೂತು ಏಳುವುದಿತ್ತು, ತಳ್ಳುವುದಿತ್ತು, ನಡು ಹಿಡಿಯುವುದಿತ್ತು. ಬಾಗುವುದು ಇರಲಿಲ್ಲ. ಎಳೆಯುವುದೂ ಇರಲಿಲ್ಲ. ಅಂದರೆ ದೇಹದ ಹಿಂಭಾಗಕ್ಕೆ ಕೆಲಸವೇ ಇಲ್ಲ. ತೊಡೆಯ ಮುಂಭಾಗ ಮತ್ತು ಮಂಡಿ ದಿನಾ ನೂರು ಸಲ ದುಡಿಯುತ್ತಿದ್ದವು. ಸೊಂಟದಿಂದ ಬಾಗುವುದು ಗೊತ್ತಿಲ್ಲದ ದೇಹ ಬಸ್ಕಿಗೆ ಇಳಿದರೆ ಎಲ್ಲ ಭಾರವನ್ನೂ ಮಂಡಿಯ ತಲೆಗೇ ಕಟ್ಟುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. "ಮಂಡಿ ಕಾಲ್ಬೆರಳನ್ನು ದಾಟಲೇಬಾರದು" ಅಂತ ತುಂಬಾ ಜನ ಹೇಳುತ್ತಾರೆ. ಅದು ನಿಯಮವಲ್ಲ. ನೀವು ಮೆಟ್ಟಿಲು ಇಳಿಯುವಾಗ ಮಂಡಿ ಬೆರಳನ್ನು ದಾಟುತ್ತದೆ, ಅಲ್ವಾ? ಆಳವಾಗಿ ಕುಕ್ಕರುಗಾಲಲ್ಲಿ ಕೂತರೂ ದಾಟುತ್ತದೆ. ಮಂಡಿ ಮುಂದೆ ಹೋದಷ್ಟೂ ತೊಡೆಯ ಮುಂಭಾಗಕ್ಕೆ ಕೆಲಸ ಜಾಸ್ತಿ. ಸೊಂಟ ಹಿಂದೆ ಹೋದಷ್ಟೂ ಹಿಂಭಾಗಕ್ಕೆ ಜಾಸ್ತಿ. ಎರಡೂ ಬೇಕು. ಅಕ್ಕನ ತೊಂದರೆ ಮಂಡಿ ಮುಂದೆ ಹೋದದ್ದಲ್ಲ. ಬೇರೆ ದಾರಿಯೇ ಅವಳಿಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿದ್ದ ಒಂದೇ ದಾರಿಯಲ್ಲಿ ಒಂಬತ್ತು ದಿನದಲ್ಲಿ ಒಂಬೈನೂರು ಸಲ ಓಡಾಡಿದ್ದಳು.

ಬೆನ್ನಿಗೆ ಕೋಲು

ಮೊದಲ ಎರಡು ವಾರ ನಮ್ಮ ಮುಖ್ಯ ಪಾಠ ಬಾಗುವುದು. ಜಿಮ್ಮಿನಲ್ಲಿ ಇದಕ್ಕೆ ಹಿಪ್ ಹಿಂಜ್ ಅನ್ನುತ್ತಾರೆ. ಬಾಗಿಲು ಕೀಲಿನಲ್ಲಿ ತಿರುಗುವ ಹಾಗೆ ದೇಹ ತೊಡೆಸಂದಿನಲ್ಲಿ ಮಡಚಬೇಕು. ಬೆನ್ನು ಮಡಚಬಾರದು.

ಒಂದು ಉದ್ದ ಕೋಲನ್ನು ಅವಳ ಬೆನ್ನಿಗೆ ಉದ್ದಕ್ಕೆ ಹಿಡಿಸಿದೆ. ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಿರಬೇಕು: ತಲೆಯ ಹಿಂಭಾಗ, ಭುಜಗಳ ನಡುವಿನ ಬೆನ್ನು, ಬೆನ್ನುಮೂಳೆಯ ತುದಿ. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ಮುಂದೆ ನಿಲ್ಲಿಸಿದೆ. ಮಂಡಿ ಸ್ವಲ್ಪವೇ ಸಡಿಲ. "ಈಗ ಬಗ್ಗಬೇಡ. ಎರಡೂ ಕೈಯಲ್ಲಿ ಸಾಮಾನು ಇದೆ, ಹಿಂದಿನ ಬಾಗಿಲನ್ನು ಹಿಂಭಾಗದಿಂದಲೇ ತಳ್ಳಿ ಮುಚ್ಚಬೇಕು. ಹಾಗೆ ಮಾಡು" ಅಂದೆ.

ಮೊದಲ ಹತ್ತು ಸಲ ಕೋಲು ಒಂದಲ್ಲ ಒಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಬೆನ್ನು ಬಾಗಿದರೆ ಕೆಳಗಿನ ತುದಿ ಬಿಡುತ್ತದೆ. ಮುಂದೆ ನೋಡಲು ತಲೆ ಎತ್ತಿದರೆ ಭುಜದ ಹತ್ತಿರ ಸಂದು ಬೀಳುತ್ತದೆ. ಮಂಡಿ ಮಡಚಿ ತಪ್ಪಿಸಿಕೊಂಡರೆ ಹಿಂಭಾಗ ಗೋಡೆಗೆ ತಲುಪುವುದೇ ಇಲ್ಲ. ಕೋಲಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ನನಗೆ ಅದು ಇಷ್ಟ. ನಾನು ಪಕ್ಕದಲ್ಲಿ ನಿಂತು ಹೇಳುವುದಕ್ಕಿಂತ ಅವಳ ಬೆನ್ನೇ ಅವಳಿಗೆ ಬೇಗ ಹೇಳುತ್ತಿತ್ತು.

ಮೂರನೇ ದಿನ ಗೋಡೆ ಮುಟ್ಟಿತು, ಕೋಲು ಮೂರೂ ಕಡೆ ಉಳಿಯಿತು. ಅಕ್ಕ ಹಾಗೇ ನಿಂತು, "ತೊಡೆ ಹಿಂದೆ ಏನೋ ಎಳೀತಿದೆಯಲ್ಲೇ" ಅಂದಳು. ಎಳೆಯಬೇಕಾದ್ದು ಅಲ್ಲೇ. 44 ವರ್ಷದಲ್ಲಿ ಬಗ್ಗುವಾಗ ಅವಳ ಗಮನ ಆ ಜಾಗಕ್ಕೆ ಹೋಗಿದ್ದು ಅದೇ ಮೊದಲು.

ಬಾಗುವುದರಲ್ಲಿ ಒಂದು ಕೊರತೆಯೂ ಇದೆ. ಕೈಯಲ್ಲಿ ಭಾರ ಇಲ್ಲದೆ ಬಾಗಿದರೆ ರೀತಿ ಕಲಿಯಬಹುದು, ಬಲ ಜಾಸ್ತಿ ಬರುವುದಿಲ್ಲ. ಅದಕ್ಕೇ ಜೊತೆಗೆ ಬ್ರಿಡ್ಜ್ ಸೇರಿಸಿದೆ. ಅಂಗಾತ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಒತ್ತಿ ಸೊಂಟ ಎತ್ತುವುದು, ಮೇಲೆ ಎರಡು ಸೆಕೆಂಡು ನಿಲ್ಲುವುದು. ನೋಡಲು ಸುಲಭ. ಎರಡು ಕಾಲಿನಿಂದ 15 ಸಲೀಸಾಗಿ ಬಂದ ಮೇಲೆ ಒಂದು ಕಾಲು ಎತ್ತಿ ಮಾಡಿಸಿ ನೋಡಿ, ಆಗ ಗೊತ್ತಾಗುತ್ತದೆ. ಜಿಮ್ಮಿನಲ್ಲಿ ತಟ್ಟೆ ಸೇರಿಸಿ ಭಾರ ಏರಿಸುತ್ತಾರೆ. ಇಲ್ಲಿ ಕೋನ ಬದಲಿಸಿ, ಆಳ ಹೆಚ್ಚಿಸಿ, ನಿಧಾನ ಮಾಡಿ, ಎರಡು ಕಾಲಿನ ಕೆಲಸವನ್ನು ಒಂದು ಕಾಲಿಗೆ ಕೊಟ್ಟು ಏರಿಸುತ್ತೇವೆ.

ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ, ಸುಮಾರು 25 ನಿಮಿಷ. "ದಿನಾ ಮಾಡಿದ್ರೆ ಬೇಗ ಆಗಲ್ವಾ?" ಅಂತ ಕೇಳಿದಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಹೇಳಿರುವುದು ವಾರಕ್ಕೆ ಎರಡು ಅಥವಾ ಹೆಚ್ಚು ದಿನದ ಬಲದ ವ್ಯಾಯಾಮ, ಅದೂ ಎಲ್ಲ ಮುಖ್ಯ ಸ್ನಾಯುಗಳಿಗೂ ಸೇರುವಂತೆ. ದಿನಾ ಒಂದನ್ನೇ ಮಾಡುವುದಕ್ಕಿಂತ ಮೂರು ದಿನ ಐದೂ ಕೆಲಸ ಮಾಡುವುದು ಮೇಲು ಅಂದೆ. ಸ್ನಾಯುವಿನ ಮಂದ ನೋವು ಒಂದರಿಂದ ಮೂರು ದಿನದಲ್ಲಿ ಜೋರಾಗಿ ತಾನೇ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿಸಬೇಕು. ಈ ವ್ಯತ್ಯಾಸವನ್ನು ಅವಳ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಕೂರುವುದು ಮತ್ತೆ ಬಂದಾಗ

ಮೂರನೇ ವಾರ ಬಸ್ಕಿ ವಾಪಸ್ ತಂದೆವು, ಆದರೆ ಕುರ್ಚಿಯ ಜೊತೆ. 45 ಸೆಂ.ಮೀ. ಎತ್ತರದ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಇನ್ನೊಂದು 10 ಸೆಂ.ಮೀ. ಏರಿಸಿದೆ. ಕಲಿತ ಬಾಗುವಿಕೆಯಿಂದಲೇ ಶುರು: ಸೊಂಟ ಹಿಂದೆ, ಆಮೇಲೆ ಮಂಡಿ. ಮೂರು ಎಣಿಸುತ್ತ ಇಳಿಯಬೇಕು, ದಿಂಬನ್ನು ಮುಟ್ಟಿದ ಕೂಡಲೇ ಏಳಬೇಕು, ಭಾರ ಬಿಡಬಾರದು. ಬಲ ಹಿಮ್ಮಡಿಯ ಕೆಳಗೆ ಒಂದು ತೆಳು ಪುಸ್ತಕ ಇಡಿಸಿದೆ, ಪಾದದ ಕೀಲು ಸಡಿಲವಾಗುವ ತನಕ. ಮಂಡಿ ಎರಡನೇ ಬೆರಳಿನ ನೇರಕ್ಕೆ ಇರಲಿ ಅಂತ ಮಾತ್ರ ಹೇಳಿದೆ. ಹೊಸಬರಿಗೆ ಒಂದು ಸಲಕ್ಕೆ ಒಂದೇ ಸೂಚನೆ ಸಾಕು. ನಾಲ್ಕು ಹೇಳಿದರೆ ನಾಲ್ಕೂ ಹಾಳು.

ಮೊದಲ ದಿನ ಆರು ಸಲ, ಎರಡು ಸುತ್ತು. ನೂರರ ಜಾಗದಲ್ಲಿ ಹನ್ನೆರಡು. ಅವಳಿಗೆ ಇದು ಅವಮಾನದಂತೆ ಅನ್ನಿಸಿತು, ನೇರವಾಗಿಯೇ ಹೇಳಿದಳು. ಆದರೆ ಆರನೆಯದಕ್ಕೆ ತೊಡೆ ನಡುಗುತ್ತಿತ್ತು. ಮೂರು ಸೆಕೆಂಡಿನ ಇಳಿತಕ್ಕೆ ಅಷ್ಟು ಕೆಲಸ ಇದೆ. ಇನ್ನೂ ಎರಡು ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸು ಅನ್ನುವುದು ನಮ್ಮ ಒಪ್ಪಂದ. ಏಳುವಾಗ ಉಸಿರು ಬಿಡಬೇಕು, ಹಿಡಿಯಬಾರದು. ರಕ್ತದೊತ್ತಡ ಇರುವವರಂತೂ ಇದನ್ನು ಮರೆಯಲೇಬಾರದು.

ಮಂಡಿ ಸುಮ್ಮನಿತ್ತು.

ತಳ್ಳುವುದರ ಲೆಕ್ಕ

ಪುಷ್‌ಅಪ್ ಬಗ್ಗೆ ಹೊಸಬರಲ್ಲಿ ಒಂದು ಭಾವನೆ ಇದೆ: ಆದರೆ ಆಯ್ತು, ಆಗದಿದ್ದರೆ ಇಲ್ಲ. ಲೆಕ್ಕ ನೋಡಿದರೆ ಹಾಗಲ್ಲ. ನೆಲದ ಮೇಲಿನ ಪುಷ್‌ಅಪ್‌ನಲ್ಲಿ ಕೈ ಹೊರುವುದು ದೇಹದ ತೂಕದ ಸುಮಾರು 64 ಶೇಕಡ. ಕೈಯನ್ನು 30 ಸೆಂ.ಮೀ. ಎತ್ತರದ ಮೇಲಿಟ್ಟರೆ ಸುಮಾರು 55 ಶೇಕಡ. 60 ಸೆಂ.ಮೀ. ಮೇಲಿಟ್ಟರೆ ಸುಮಾರು 41. ಅಕ್ಕನ 68 ಕಿಲೋಗೆ ಇದು ಕ್ರಮವಾಗಿ 44, 37, 28 ಕಿಲೋ ಆಗುತ್ತದೆ. ಮಂಡಿಯೂರಿ ಮಾಡಿದರೆ ಸುಮಾರು 49 ಶೇಕಡ, ಅಂದರೆ 33 ಕಿಲೋ.

ಮಂಡಿಯೂರಿ ಮಾಡುವುದು ತಪ್ಪಲ್ಲ. ಆದರೆ ಅಲ್ಲಿಂದ ನೆಲಕ್ಕೆ ಒಂದೇ ನೆಗೆತ: 33ರಿಂದ 44 ಕಿಲೋ. ನಡುವೆ ಮೆಟ್ಟಿಲಿಲ್ಲ. ಎತ್ತರ ಬದಲಿಸುತ್ತ ಹೋದರೆ ಎಷ್ಟು ಬೇಕಾದರೂ ಮೆಟ್ಟಿಲು ಮಾಡಿಕೊಳ್ಳಬಹುದು. ಜೊತೆಗೆ ತಲೆಯಿಂದ ಹಿಮ್ಮಡಿವರೆಗೆ ದೇಹ ಒಂದೇ ಗೆರೆಯಲ್ಲಿ ಇರಬೇಕಾದ್ದರಿಂದ ನಡುವಿಗೂ ಕೆಲಸ ಬೀಳುತ್ತದೆ. ಆದ್ದರಿಂದ ಎರಡು ವಾರ ಗೋಡೆ, ಆಮೇಲೆ 75 ಸೆಂ.ಮೀ. ಎತ್ತರದ ಮೇಜು.

ಇಲ್ಲಿ ನಾನು ತಪ್ಪಿದೆ. ನಾಲ್ಕನೇ ವಾರದ ಕೊನೆಗೆ ಮೇಜಿನ ಮೇಲೆ 12 ಚೆನ್ನಾಗಿ ಬಂತು. ಅವಳ ಖುಷಿ ನೋಡಿ ಐದನೇ ವಾರ ನೇರವಾಗಿ ಕುರ್ಚಿಯ ಎತ್ತರಕ್ಕೆ ಇಳಿಸಿದೆ, ಅದೇ ವಾರ ಒಂದು ಸುತ್ತನ್ನೂ ಜಾಸ್ತಿ ಮಾಡಿದೆ. ಎರಡನ್ನು ಒಟ್ಟಿಗೆ ಏರಿಸಬಾರದು ಅಂತ ನನಗೆ ಗೊತ್ತಿತ್ತು. ಮೂರನೇ ದಿನ ಅವಳ ಎಡ ಭುಜದ ಮುಂಭಾಗ ಹಿಡಿದುಕೊಂಡಿತು.

ಮೊದಲ ಕೆಲವು ವಾರದಲ್ಲಿ ಬರುವ ಬಲ ಹೆಚ್ಚಿನಂಶ ನರಗಳ ಕಲಿಕೆ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ದೇಹ ಕಲಿಯುತ್ತದೆ, ಎಣಿಕೆ ಬೇಗ ಏರುತ್ತದೆ. ಸ್ನಾಯು ಬೆಳೆಯುವುದು ಆಮೇಲೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಟೆಂಡನ್ ಗಟ್ಟಿಯಾಗುವುದು ಇನ್ನೂ ನಿಧಾನ. ಎಣಿಕೆ ನೋಡಿ ಓಡಿದರೆ ಟೆಂಡನ್ ಹಿಂದೆ ಉಳಿಯುತ್ತದೆ. ಬಸ್ಕಿಯಲ್ಲಿ ಚಾಲೆಂಜ್ ಅವಳಿಗೆ ಮಾಡಿದ್ದನ್ನೇ ಪುಷ್‌ಅಪ್‌ನಲ್ಲಿ ನಾನು ಮಾಡಿದ್ದೆ. ಅದನ್ನು ಅವಳಿಗೆ ಹೇಳಿ ಕ್ಷಮೆ ಕೇಳಿದೆ. ಒಂದು ವಾರ ಗೋಡೆಗೆ ವಾಪಸ್, ಆಮೇಲೆ ಮೇಜು. ಜೊತೆಗೆ ಮೊಣಕೈ ಅಗಲಕ್ಕೆ ಹಾರುತ್ತಿದ್ದದ್ದನ್ನು ತಿದ್ದಿದೆವು. ಮೇಲಿಂದ ನೋಡಿದರೆ ಕೈ ಮತ್ತು ದೇಹ ಬಾಣದ ತುದಿಯಂತೆ ಕಾಣಬೇಕು, ಟಿ ಅಕ್ಷರದಂತೆ ಅಲ್ಲ. ಭುಜ ಹತ್ತು ದಿನದಲ್ಲಿ ಸರಿಹೋಯಿತು.

ಎಳೆಯಲು ಏನು ಮಾಡುವುದು

ಉಪಕರಣವಿಲ್ಲದ ವ್ಯಾಯಾಮದಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ. ನೆಲ ತಳ್ಳಲು ಸಿಗುತ್ತದೆ, ಎಳೆಯಲು ಸಿಗುವುದಿಲ್ಲ. ಅದಕ್ಕೇ ಬಹಳಷ್ಟು ಪಟ್ಟಿಗಳಲ್ಲಿ ಎಳೆಯುವುದು ಇರುವುದಿಲ್ಲ. ಬರೀ ತಳ್ಳುತ್ತ ಹೋದವರ ಎದೆ ಮತ್ತು ಭುಜದ ಮುಂಭಾಗ ಮಾತ್ರ ಬಲವಾಗುತ್ತವೆ, ಬೆನ್ನಿನ ಮೇಲ್ಭಾಗ ಹಿಂದೆಯೇ ಉಳಿಯುತ್ತದೆ.

ನಾವು ಬಳಸಿದ್ದು ಗಟ್ಟಿ ಬಟ್ಟೆಯ ಬೆಡ್‌ಶೀಟ್. ಒಂದು ತುದಿಗೆ ದಪ್ಪ ಗಂಟು ಹಾಕಿ, ಗಂಟು ಆಚೆ ಉಳಿಯುವಂತೆ ಬಾಗಿಲ ಮೇಲಿನಿಂದ ಇಳಿಬಿಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಬೇಕು. ಬಾಗಿಲು ನಮ್ಮಿಂದ ಆಚೆಗೆ ತೆರೆಯುವಂಥದ್ದೇ ಆಗಿರಬೇಕು. ಆಗ ನಾವು ಎಳೆದಷ್ಟೂ ಅದು ಚೌಕಟ್ಟಿಗೆ ಬಿಗಿಯಾಗುತ್ತದೆ. ನಮ್ಮ ಕಡೆಗೆ ತೆರೆಯುವ ಬಾಗಿಲಲ್ಲಿ ಇದನ್ನು ಮಾಡಲೇಬೇಡಿ. ಪ್ರತಿ ಸಲ ಪೂರ್ತಿ ಭಾರ ಬಿಡುವ ಮೊದಲು ಎರಡು ಸಲ ಜೋರಾಗಿ ಜಗ್ಗಿ ನೋಡಬೇಕು.

ಬಟ್ಟೆ ಹಿಡಿದು, ದೇಹ ನೇರ ಇಟ್ಟು ಹಿಂದಕ್ಕೆ ವಾಲಿ, ಎದೆಯನ್ನು ಕೈಯ ಹತ್ತಿರ ಎಳೆದುಕೊಳ್ಳುವುದು. ಕಾಲು ಬಾಗಿಲಿಗೆ ಹತ್ತಿರ ಹೋದಷ್ಟೂ ಕಷ್ಟ ಜಾಸ್ತಿ. ಅಕ್ಕ ಮೊದಲ ವಾರ ಭುಜವನ್ನು ಕಿವಿಗೆ ಏರಿಸಿ ಬರೀ ತೋಳಿನಿಂದ ಎಳೆಯುತ್ತಿದ್ದಳು. ಅವಳ ಬೆನ್ನ ಮೇಲೆ, ಎರಡು ಹೆಗಲಮೂಳೆಗಳ ನಡುವೆ ನನ್ನ ಬೆರಳಿಟ್ಟು, "ಈ ಬೆರಳನ್ನು ಹಿಸುಕು, ಆಮೇಲೆ ಎಳಿ" ಅಂದೆ. ನಾಲ್ಕನೇ ಪ್ರಯತ್ನಕ್ಕೆ ಬೆರಳು ಸಿಕ್ಕಿಕೊಂಡಿತು. ಐದರಲ್ಲಿ ಅವಳು ಅತ್ಯಂತ ಇಷ್ಟಪಟ್ಟದ್ದು ಇದನ್ನೇ. ಇಡೀ ದಿನ ಕೂತು ಬಂದ ಮೇಲೆ ಬೆನ್ನು ಬಿಚ್ಚಿದಂತಾಗುತ್ತದೆ ಅನ್ನುತ್ತಿದ್ದಳು.

ನಡುವಿನ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವಳ ಒಂದು ನಿಮಿಷದ ಪ್ಲ್ಯಾಂಕಿನಲ್ಲಿ 20 ಸೆಕೆಂಡಿನ ಆಚೆ ಸೊಂಟ ಜೋತುಬೀಳುತ್ತಿತ್ತು, ಅದಕ್ಕೆ 20ಕ್ಕೇ ನಿಲ್ಲಿಸಿದೆವು. ಜೊತೆಗೆ ಅಂಗಾತ ಮಲಗಿ ಎದುರು ಬದುರು ಕೈಕಾಲು ಚಾಚುವ ಡೆಡ್ ಬಗ್. ಸೊಂಟ ನೆಲ ಬಿಟ್ಟು ಏಳಬಾರದು ಅನ್ನುವುದೊಂದೇ ನಿಯಮ.

ಹನ್ನೆರಡನೇ ವಾರ

ಅದೇ ಕುರ್ಚಿ, ಅದೇ 30 ಸೆಕೆಂಡು: 17 ಸಲ. ಬಲ ಮಂಡಿ ಕೊನೆಯ ಎರಡರಲ್ಲಿ ಮಾತ್ರ ಸ್ವಲ್ಪ ಒಳಕ್ಕೆ ವಾಲಿತು. ಕುರ್ಚಿ ಇಲ್ಲದ ಬಸ್ಕಿ, ತೊಡೆ ನೆಲಕ್ಕೆ ಸಮ ಬರುವಷ್ಟು ಆಳಕ್ಕೆ, ಹತ್ತು. ಬಲಗಾಲು ಗೋಡೆ ಪರೀಕ್ಷೆಯಲ್ಲಿ 8 ಸೆಂ.ಮೀ.ಗೆ ಬಂತು, ಹಿಮ್ಮಡಿಯ ಪುಸ್ತಕ ತೆಗೆದೆವು. ಒಂಟಿಗಾಲಿನ ಬ್ರಿಡ್ಜ್ ಪ್ರತಿ ಕಡೆ ಎಂಟು. 45 ಸೆಂ.ಮೀ. ಕುರ್ಚಿಯ ಮೇಲೆ, ಅದನ್ನು ಗೋಡೆಗೆ ಒತ್ತಿಟ್ಟು, ಪುಷ್‌ಅಪ್ ಎಂಟು. ನೆಲದಿಂದ ಏಳಲು ಒಂದು ಕೈ ಸಾಕಾಯಿತು. ಮೆಟ್ಟಿಲನ್ನು ನೇರವಾಗಿ ಇಳಿಯುತ್ತಾಳೆ.

ಆಗದೇ ಇದ್ದದ್ದೂ ಇದೆ. ನೆಲದ ಮೇಲಿನ ಪೂರ್ತಿ ಪುಷ್‌ಅಪ್ ಒಂದೂ ಬರಲಿಲ್ಲ. ತೂಕ 67ಕ್ಕೆ ಇಳಿದಿದೆ, ಅಷ್ಟೇ. ಏಳನೇ ವಾರ ಕೆಲಸದ ಒತ್ತಡದಲ್ಲಿ ಒಂದೇ ದಿನ ಮಾಡಿದಳು. ಎಂಟನೇ ವಾರ ಎಣಿಕೆ ಏನೂ ಕಡಿಮೆಯಾಗಿರಲಿಲ್ಲ. ಕುಕ್ಕರುಗಾಲಲ್ಲಿ ತುಂಬಾ ಹೊತ್ತು ಕೂತರೆ ಮಂಡಿ ಈಗಲೂ ಒಮ್ಮೊಮ್ಮೆ ನೆನಪು ಮಾಡುತ್ತದೆ, ಅದಕ್ಕೆ ಆಳವನ್ನು ನಿಧಾನವಾಗಿ ಹೆಚ್ಚಿಸುತ್ತಿದ್ದೇವೆ. ಈ ಬದಲಾವಣೆಯಲ್ಲಿ ಎಷ್ಟು ಪಾಲು ಬಾಗಲು ಕಲಿತದ್ದರಿಂದ, ಎಷ್ಟು ಪಾಲು ಬರೀ ಎಣಿಕೆ ಇಳಿಸಿದ್ದರಿಂದ ಅಂತ ಬಿಡಿಸಿ ಹೇಳಲು ಒಬ್ಬರ ಪ್ರಕರಣದಿಂದ ಆಗುವುದಿಲ್ಲ. ನನ್ನ ಅಂದಾಜಿನಲ್ಲಿ ನೋವು ಇಳಿದದ್ದು ಎಣಿಕೆ ಇಳಿಸಿದ್ದರಿಂದ, ವಾಪಸ್ ಬಾರದೆ ಇದ್ದದ್ದು ಬಾಗಲು ಕಲಿತದ್ದರಿಂದ.

ಈಗ ನಾವು 30 ಸೆಂ.ಮೀ. ಎತ್ತರದ ಒಂದು ಗಟ್ಟಿ ಪೆಟ್ಟಿಗೆ ಹುಡುಕಿ ಇಟ್ಟುಕೊಂಡಿದ್ದೇವೆ. ಕಳೆದ ವಾರ ಅದರ ಮೇಲೆ ಮೂರು ಪುಷ್‌ಅಪ್ ಬಂತು. ನಾಲ್ಕನೆಯದಕ್ಕೆ ಇಳಿಯುವ ಮೊದಲು ಅವಳೇ ನಿಲ್ಲಿಸಿ, ನೋಟ್‌ಬುಕ್ ತೆಗೆದು 3 ಅಂತ ಬರೆದಳು.